ಹಳೆಯ ಯಂತ್ರ, ಹೊಸ ಮುಖ: ಎಚ್‌ಎಂಟಿ ವಾಚು ಕೊಳ್ಳುವ ಮುನ್ನ

ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು ನಮ್ಮಲ್ಲಿ ಹತ್ತನೆಯ ತರಗತಿ ಓದಿ ಹೋದ ಹುಡುಗನೊಬ್ಬ ಹೋದ ವರ್ಷ ಬೇಸಿಗೆಯಲ್ಲಿ ನನ್ನ ಮನೆಗೆ ಬಂದ. ಜೊತೆಗೆ ಅವನ ತಂದೆಯೂ ಇದ್ದರು. ಹುಡುಗ ಚೀಲದಿಂದ ಆರು ಕೈಗಡಿಯಾರ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಆರರ ಮುಖದ ಮೇಲೂ ಎಚ್‌ಎಂಟಿ ಎಂದಿತ್ತು. ಒಂದು ಕಪ್ಪು, ಒಂದು ಗಿಳಿಹಸಿರು, ಒಂದು ನೇರಳೆ, ಒಂದರ ಮೇಲೆ ಸೈನಿಕರ ಅಂಗಿಯಂಥ ಚಿತ್ತಾರ. ಫಳಫಳ ಹೊಳೆಯುತ್ತಿದ್ದವು.

"ಸರ್, ಹಳೆ ಎಚ್‌ಎಂಟಿಗೆ ಈಗ ಭಾರಿ ರೇಟ್ ಐತ್ರಿ. ಒಂದಕ್ಕ ಹದಿನಾರು ನೂರು ಕೊಟ್ಟು ತರಿಸೀನ್ರಿ. ಮೂರು ಸಾವಿರಕ್ಕ ಹೋಗ್ತಾವಂತ್ರಿ" ಎಂದ.

ತಂದೆ ಏನೂ ಮಾತಾಡಲಿಲ್ಲ. ಆಮೇಲೆ ಹುಡುಗ ನೀರು ಕುಡಿಯಲು ಒಳಗೆ ಹೋದಾಗ ಮೆಲ್ಲಗೆ, "ಕಾಲೇಜಿನ ಫೀಸಿಗಂತ ನೆಲ್ಲು ಮಾರಿ ಇಟ್ಟಿದ್ದ ರೊಕ್ಕ ಅದು ಮಾಸ್ತರ. ಹೌದೋ ಅಲ್ಲೋ ನೀವ ನೋಡಿ ಹೇಳ್ರಿ" ಎಂದರು.

ಒಂಬತ್ತು ಸಾವಿರದ ಆರುನೂರು ರೂಪಾಯಿಯ ಪ್ರಶ್ನೆ. ನಾನು ವಿಜ್ಞಾನದ ಮೇಷ್ಟ್ರೇ ಹೊರತು ವಾಚಿನ ತಜ್ಞನಲ್ಲ. ಮರುದಿನ ಮೂವರೂ ರಾಯಚೂರಿಗೆ ಹೋದೆವು.

ತೀನ್ ಕಂದೀಲ್ ಕಡೆಯ ಗಲ್ಲಿಯೊಂದರಲ್ಲಿ ನಲವತ್ತು ವರ್ಷದಿಂದ ವಾಚು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೊದಲನೆಯ ವಾಚಿನ ಹಿಂಬದಿ ಬಿಚ್ಚಿದರು. ಬಿಚ್ಚಿದವರೇ ನಕ್ಕರು. "ಮಷೀನು ಅಸಲಿ, ಸಾಬ್. ಮುಖ ನಿನ್ನೆದು."

ಅದರ ಅರ್ಥ ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅಲ್ಲಿಯೇ ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. ಮುಂದೆ ತುಮಕೂರಿನಲ್ಲೂ ಒಂದು ಬಂತು. ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್ ಇವೆಲ್ಲ ನಮ್ಮ ತಲೆಮಾರಿಗೆ ಮನೆಮಂದಿಯ ಹೆಸರಿದ್ದಂತೆ. ಮದುವೆಯ ಮಾತುಕತೆಯಲ್ಲಿ "ಸೈಕಲ್, ರೇಡಿಯೊ, ಎಚ್‌ಎಂಟಿ ವಾಚು" ಎಂದು ಪಟ್ಟಿ ಓದುತ್ತಿದ್ದದ್ದು ದೇವದುರ್ಗದ ಕಡೆಯವರಿಗೆ ಮರೆತಿರಲಾರದು. ದೇವದುರ್ಗದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ನನ್ನ ತಂದೆ ಒಂದು ತಿಂಗಳ ಸಂಬಳದ ದೊಡ್ಡ ಪಾಲು ಕೊಟ್ಟು ಜನತಾ ಕೊಂಡಿದ್ದರು. ಶಾಲೆಯ ಗಂಟೆ ಹೊಡೆಯುತ್ತಿದ್ದದ್ದು ಅದನ್ನು ನೋಡಿಯೇ.

ಆಮೇಲೆ ಕ್ವಾರ್ಟ್ಸ್ ಬಂತು. ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಕೀಲಿ ಕೊಡುವ ಜನತಾ ವಾಚಿನ ಸಮತೋಲನ ಚಕ್ರ ಗಂಟೆಗೆ 18,000 ಬಾರಿ ಬಡಿಯುತ್ತದೆ. ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ಇಷ್ಟು ಬಡಿತದಲ್ಲಿ ವಾಚು ದಿನಕ್ಕೆ 20 ಸೆಕೆಂಡು ಹಿಂದೆ ಬಿದ್ದರೂ ತಪ್ಪು ಶೇಕಡಾ 0.023 ಮಾತ್ರ. ಪರೀಕ್ಷೆಯಲ್ಲಿ ಇಷ್ಟು ಕಡಿಮೆ ತಪ್ಪು ಮಾಡಿದ ವಿದ್ಯಾರ್ಥಿಯನ್ನು ನಾನಿನ್ನೂ ಕಂಡಿಲ್ಲ! ಕ್ವಾರ್ಟ್ಸ್ ಹರಳಾದರೋ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಎರಡನ್ನು ಹದಿನೈದು ಸಲ ಗುಣಿಸಿ ನೋಡಿ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೆ ಒಂದು ಮಿಡಿತ ಉಳಿಯುತ್ತದೆ. ಕೀಲಿ ಕೊಡುವ ಕಾಟವಿಲ್ಲ, ತಪ್ಪು ಇನ್ನೂ ಕಡಿಮೆ. 1984ರಲ್ಲಿ ಸ್ಥಾಪನೆಯಾದ ಟೈಟಾನ್ ಈ ದಾರಿ ಹಿಡಿಯಿತು. ಎಚ್‌ಎಂಟಿಯೂ ಕ್ವಾರ್ಟ್ಸ್ ಮಾಡಿತು, ಆದರೆ ಮನಸ್ಸು ಕೀಲಿಯ ಮೇಲೇ ಇತ್ತು. ಕೊನೆಗೆ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಅಲ್ಲಿಯವರೆಗೆ ಟ್ರಂಕಿನಲ್ಲಿ ಬಿದ್ದಿದ್ದ ವಾಚುಗಳಿಗೆ ಗಿರಾಕಿ ಹುಟ್ಟಿದರು. ಗಿರಾಕಿ ಹುಟ್ಟಿದಲ್ಲಿ ಕೈಚಳಕವೂ ಹುಟ್ಟುತ್ತದೆ. ಗುಜರಿಗೆ ಬಂದ ಹಳೆಯ ವಾಚಿನ ಯಂತ್ರ ತೆಗೆಯುವುದು, ಹೊಸ ಕೇಸಿನಲ್ಲಿ ಕೂರಿಸುವುದು, ಡಯಲಿಗೆ ಬೇಕಾದ ಬಣ್ಣ ಹೊಡೆದು ಎಚ್‌ಎಂಟಿ ಎಂದು ಮತ್ತೆ ಅಚ್ಚು ಹಾಕುವುದು. ಹುಡುಗ ತಂದದ್ದು ಇಂಥವು.

ಚಾಚಾ ಒಂದೊಂದಾಗಿ ತೋರಿಸಿದರು. ಕಪ್ಪು 'ಪೈಲಟ್'ನ ಅಂಕಿಗಳ ಅಂಚು ಭೂತಗನ್ನಡಿಯಲ್ಲಿ ಹರಡಿದಂತೆ ಕಾಣುತ್ತಿತ್ತು. ಕಾರ್ಖಾನೆಯ ಅಚ್ಚು ಚಾಕುವಿನಿಂದ ಕೊರೆದಷ್ಟು ಚೂಪಾಗಿರುತ್ತದೆ. ಮುಳ್ಳುಗಳ ಹೊಳೆಯುವ ಬಣ್ಣ ಹಳದಿಗಟ್ಟಿತ್ತು, ಅಂಕಿಗಳದು ಸುಣ್ಣದಷ್ಟು ಬಿಳಿ. ಒಂದೇ ವಾಚು, ಎರಡು ವಯಸ್ಸು! ಡಯಲಿನ ಹಿಂದೆ ಯಂತ್ರಕ್ಕೆ ಸೇರಿಕೊಳ್ಳುವ ಎರಡು ಪುಟ್ಟ ಕಾಲುಗಳಿರಬೇಕು. ಹಸಿರು ವಾಚಿನಲ್ಲಿ ಅವನ್ನು ಕತ್ತರಿಸಿ ಗೋಂದಿನಿಂದ ಅಂಟಿಸಿದ್ದರು. ನೇರಳೆ ವಾಚಿನ ಒಳಗಂತೂ ಚಕ್ರಗಳು ಎಣ್ಣೆ ಒಣಗಿ ನಿಂತೇ ಹೋಗಿದ್ದವು.

"ಇದು ನಕಲಿನಾ ಸರ್? ಮಷೀನು ಅಸಲಿ ಐತಿ ಅಂತಾರಲ್ರಿ" ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ.

ವಾಚು ಸಂಗ್ರಹಿಸುವವರ ಲೋಕದಲ್ಲಿ 'ಹೋಮೇಜ್' ಎಂಬ ಮಾತಿದೆ. ಪ್ರಸಿದ್ಧ ವಾಚಿನ ರೂಪವನ್ನು ಅನುಸರಿಸಿ, ಆದರೆ ತನ್ನದೇ ಹೆಸರು ಹಾಕಿಕೊಂಡು ಬರುವ ವಾಚು. ರೋಲೆಕ್ಸ್ ಕಂಪನಿಯ ಸಬ್‌ಮರೀನರ್ 1953ರದು. ಅದರ ಕಪ್ಪು ಮುಖ, ತಿರುಗುವ ಬಳೆ ಇವನ್ನು ಅನುಸರಿಸಿದ ವಾಚುಗಳಿಗೆ ಲೆಕ್ಕವಿಲ್ಲ. ಅವುಗಳ ಮೇಲೆ ರೋಲೆಕ್ಸ್ ಎಂದು ಬರೆದಿರುವುದಿಲ್ಲ. ಬರೆದರೆ ಅದು ಖೋಟಾ. ಕಾನೂನೂ ಈ ಗೆರೆಯನ್ನೇ ಎಳೆಯುತ್ತದೆ. ನಮ್ಮ 2000ದ ಡಿಸೈನ್ಸ್ ಕಾಯ್ದೆಯಲ್ಲಿ ನೋಂದಾಯಿತ ವಿನ್ಯಾಸಕ್ಕೆ ರಕ್ಷಣೆ ಹತ್ತು ವರ್ಷ, ಮತ್ತೈದು ವರ್ಷ ವಿಸ್ತರಿಸಬಹುದು, ಅಷ್ಟೇ. ಹೆಸರಿಗೆ ಅಂಥ ಗಡುವಿಲ್ಲ, ನವೀಕರಿಸುತ್ತ ಹೋಗಬಹುದು. ಬೇರೆಯವರ ಹೆಸರನ್ನು ಸುಳ್ಳಾಗಿ ಅಂಟಿಸಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆಮನೆ ಕಾದಿದೆ.

ಹೋಮೇಜ್ ವಾಚು ಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಅಂಥ ಎಷ್ಟೋ ವಾಚುಗಳ ಒಳಗೆ ಇರುವುದು ಜಪಾನಿನ ಮಿಯೋಟಾ ಯಂತ್ರ. ಮಿಯೋಟಾ ಸಿಟಿಜನ್ ಬಳಗದ್ದೇ. ಎಚ್‌ಎಂಟಿಗೆ ವಿದ್ಯೆ ಹೇಳಿಕೊಟ್ಟ ಮನೆಯ ಕೂಸು. ಆದರೆ ಅದನ್ನು ಕಟ್ಟಿಕೊಳ್ಳಲು ಕೊಳ್ಳಬೇಕು, ಕೂಡಿಡಲು ಅಲ್ಲ. ಕಾರಣ ಸರಳ: ಕಂಪನಿ ನಾಳೆ ಅಂಥವೇ ಇನ್ನೊಂದು ಸಾವಿರ ಮಾಡಬಲ್ಲದು. ನಟ ಪಾಲ್ ನ್ಯೂಮನ್ ಕಟ್ಟಿಕೊಂಡಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಆ ಬೆಲೆ ಬಂದದ್ದು ಉಕ್ಕಿಗಲ್ಲ. ಆ ಕೈಯಿಂದ ಈ ಕೈಗೆ ಬಂದ ದಾರಿ ಕಾಗದಪತ್ರದೊಂದಿಗೆ ಗೊತ್ತಿತ್ತು, ಯಾರೂ ಅದರ ಮುಖ ಉಜ್ಜಿರಲಿಲ್ಲ.

ಹುಡುಗನ ಆರು ವಾಚು ಅತ್ತ ಹೋಮೇಜೂ ಅಲ್ಲ, ಇತ್ತ ಪೂರಾ ಖೋಟಾವೂ ಅಲ್ಲ. ಕಲಬೆರಕೆ ಎನ್ನುವುದೇ ಸರಿ. ಹಾಲು ನಿಜ, ನೀರೂ ನಿಜ; ಸುಳ್ಳಿರುವುದು ಎರಡನ್ನೂ ಸೇರಿಸಿ ಹಾಲೆಂದು ಮಾರುವುದರಲ್ಲಿ.

ತಂದೆ ಅಷ್ಟರಲ್ಲಿ ಇನ್ನೊಂದು ಅನುಮಾನ ಮುಂದಿಟ್ಟರು. ಅವರ ಮಾವ ಕೊಟ್ಟಿದ್ದ ಕಾಂಚನ್ ಮನೆಯಲ್ಲಿದೆಯಂತೆ, ಬಂಗಾರದ ಬಣ್ಣದ್ದು. ಅದನ್ನು ಕರಗಿಸಿದರೆ ಏನಾದರೂ ಬಂದೀತೇ? ನಮ್ಮ ಜಿಲ್ಲೆಯಲ್ಲಿ ಹಟ್ಟಿ ಗಣಿಯಿರುವುದರಿಂದ ಬಂಗಾರದ ಆಸೆ ತುಸು ಹೆಚ್ಚೇ ಇರಬೇಕು. ಚಾಚಾ ಅಂಗಡಿಯ ಕಾಗದದ ಚೂರಿನಲ್ಲೇ ಲೆಕ್ಕ ಹಾಕಿದೆ. ಕೇಸಿನ ಹೊರಮೈ ಸುಮಾರು 10 ಚದರ ಸೆಂಟಿಮೀಟರ್, ಲೇಪನ ಒಂದು ಮೈಕ್ರಾನ್ ಎಂದಿಟ್ಟುಕೊಳ್ಳಿ. ಗಾತ್ರ 0.001 ಘನ ಸೆಂಟಿಮೀಟರ್. ಬಂಗಾರದ ಸಾಂದ್ರತೆ 19.3. ಅಂದರೆ ಸುಮಾರು 19 ಮಿಲಿಗ್ರಾಂ, ಒಂದು ಗ್ರಾಮಿನ ಐವತ್ತನೆಯ ಒಂದು ಭಾಗ! ವಾಚಿನೊಳಗಿನ 'ಜ್ಯುವೆಲ್' ಕೂಡ ಆಭರಣದ ಕಲ್ಲಲ್ಲ; ಅಲ್ಯೂಮಿನಿಯಂ ಆಕ್ಸೈಡಿನಿಂದ ಮಾಡಿದ ಕೃತಕ ಮಾಣಿಕ್ಯ. ಉಕ್ಕಿನ ಅಚ್ಚು ಅದರ ಮೇಲೆ ವರ್ಷಗಟ್ಟಲೆ ತಿರುಗಿದರೂ ಸವೆಯುವುದು ಬಹು ಕಡಿಮೆ, ಅದಕ್ಕೇ ಅದು ಅಲ್ಲಿರುವುದು. ಕರಗಿಸುವ ಮಾತು ಅಲ್ಲಿಗೆ ಮುಗಿಯಿತು. ಮುಟ್ಟದೆ ಹಾಗೇ ಇಡಿ, ಪಾಲಿಶ್ ಮಾಡಿಸಬೇಡಿ ಎಂದು ಚಾಚಾ ತಾಕೀತು ಮಾಡಿದರು. ಬಣ್ಣ ಮಾಸಿದ ಅಸಲಿ ಡಯಲಿಗೆ ಇರುವ ಗಿರಾಕಿ ಹೊಸ ಬಣ್ಣದ ಡಯಲಿಗೆ ಇಲ್ಲ.

ಮಾರಿದವನಿಗೆ ಹುಡುಗ ಫೋನು ಮಾಡಿದ. ಮೊದಲ ಸಲ ಎತ್ತಿ "ನೋಡಿ ಹೇಳ್ತೀನಿ" ಎಂದವನು ಮತ್ತೆ ಎತ್ತಲಿಲ್ಲ. ರಸೀತಿ ಇರಲಿಲ್ಲ. ವಾಚಿನ ಹಿಂಬದಿ ತೆರೆದ ಚಿತ್ರ ಕೇಳಿದ್ದೆಯಾ ಎಂದರೆ, ಕೇಳಬೇಕೆಂಬುದೇ ಗೊತ್ತಿರಲಿಲ್ಲ ಎಂದ. ಕೇಳಿದರೆ ಕೊಡದ ಮಾರಾಟಗಾರನಿಂದ ಕೊಳ್ಳದಿರುವುದೇ ಲೇಸು ಎಂದು ಈಗ ಅವನೇ ಗೆಳೆಯರಿಗೆ ಹೇಳುತ್ತಾನೆ.

ಆರರಲ್ಲಿ ಮೂರಕ್ಕೆ ಚಾಚಾ ಎಣ್ಣೆ ಹಾಕಿ ಸರಿ ಮಾಡಿಕೊಟ್ಟರು. "ಮಷೀನು ಹಳೆಯದು, ಮುಖ ಹೊಸದು" ಎಂದು ಚೀಟಿಯಲ್ಲಿ ಬರೆದು, ಒಂದಕ್ಕೆ ಏಳುನೂರರಂತೆ ಹುಡುಗ ಎರಡನ್ನು ಮಾರಿದ. ಕೊಂಡವರಲ್ಲಿ ನಾನೂ ಒಬ್ಬ, ಇನ್ನೊಬ್ಬರು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು. ಮೂರನೆಯದನ್ನು ಅವನೇ ಕಟ್ಟಿಕೊಂಡಿದ್ದಾನೆ. ಉಳಿದ ಮೂರು ಚಾಚಾ ಡ್ರಾಯರಿನಲ್ಲಿ ಬಿಡಿಭಾಗಗಳಾಗಿ ಕೂತಿವೆ. ಫೀಸಿಗೆ ಕಡಿಮೆ ಬಿದ್ದದ್ದನ್ನು ತಂದೆ ಕೈಗಡ ತಂದು ತುಂಬಿದರು. ರಜೆಯಲ್ಲಿ ಹುಡುಗ ಮಾನ್ವಿಯ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆದು ಅದರಲ್ಲಿ ಅರ್ಧ ತೀರಿಸಿದ್ದಾನೆ.

ಆ ದಿನ ಹೊರಡುವಾಗ ನನ್ನ ತಂದೆಯ ಜನತಾವನ್ನೂ ಚಾಚಾ ಮುಂದಿಟ್ಟೆ. ಗಾಜು ಗೀರುಗೀರು, ಡಯಲಿನ ಒಂದು ಮೂಲೆಯಲ್ಲಿ ಬೆವರಿನ ಕಲೆ. ಎಷ್ಟು ಬಂದೀತು ಎಂದೆ. ಅವರು ಅದನ್ನು ಕಿವಿಗೆ ಹಿಡಿದು ಕೊಂಚ ಹೊತ್ತು ಕೇಳಿದರು. "ಎಣ್ಣೆಗೆ ಇನ್ನೂರೈವತ್ತು ಕೊಡ್ರಿ, ಗುರುವಾರ ಬರ್ರಿ" ಎಂದರು.