ಬಿಡುಗಡೆಯ ಮುನ್ನಿನ ತಿದ್ದುಪಡಿ: ೞಕಾರದ ಪ್ರಸಂಗ

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಸಂಪಿಗೆ, ತುರುವೇಕೆರೆಗಳ ಕಡೆಯ ವಿದ್ಯಾರ್ಥಿಯು ಇಂದು ಹಳಗನ್ನಡದ ಪಾಠವೊಂದನ್ನು ಗಣಕಯಂತ್ರಕ್ಕೆ ಏರಿಸಹೊರಟರೆ ಅವನಿಗೆ ೞಕಾರವು ಬೇಕಾಗುವುದು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವೇಚಿಸಿದ ಅಕ್ಷರವಿದು. ಯೂನಿಕೋಡ್ ಎಂಬ ಸರ್ವಸಾಮಾನ್ಯ ಸಂಕೇತಪಟ್ಟಿಯಲ್ಲಿ ಇದರ ದಶಮಾನ ಸಂಖ್ಯೆ 3294. ಹೆಸರು ಮಾತ್ರ, ಆಶ್ಚರ್ಯವೆಂಬಂತೆ, ‘ಫ’ ಎಂದಿರುವುದು! ತಪ್ಪೆಂಬುದನ್ನು ಮಂಡಲಿಯೇ ಒಪ್ಪಿ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಿತೇ ಹೊರತು ಮೂಲವನ್ನು ತಿದ್ದಲಿಲ್ಲ. ಮೊದಲು ನನಗೆ ಇದು ಬರಿಯ ಹಟವೆಂದೇ ತೋರಿತು.

ಆದರೆ ಈ ಪಟ್ಟಿಯು ಒಬ್ಬರ ಸೊತ್ತಲ್ಲ. ಅಕ್ಷರರೂಪ, ಕೀಲಿಮಣೆ, ಅಕಾರಾದಿ ಜೋಡಣೆ, ಶೋಧನೆ ಇವುಗಳ ತಂತ್ರಾಂಶಗಳನ್ನು ಬೇರೆಬೇರೆಯವರು ಅದನ್ನೇ ನಂಬಿ ರಚಿಸಿರುವರು. ಬಿಡುಗಡೆಯ ಹೊಸ್ತಿಲಲ್ಲಿ ಒಂದಂಶವನ್ನು ಕದಲಿಸಿದರೆ, ಅದನ್ನು ಆಶ್ರಯಿಸಿದ ಉಳಿದೆಲ್ಲವನ್ನೂ ಮರಳಿ ಪರೀಕ್ಷಿಸಲು ಕಾಲಾವಕಾಶವಿರದು. ಆದುದರಿಂದಲೇ ಪ್ರತಿಯೊಂದು ಆವೃತ್ತಿಗೂ ಮುನ್ನ ಪರೀಕ್ಷಾಕರಡು ಹೊರಬರುವುದು. ಬಿಡುಗಡೆಯು ಸಮೀಪಿಸಿದಂತೆ ಸಂಖ್ಯೆಗಳೂ ಹೆಸರುಗಳೂ ಸ್ಥಿರವಾಗುವುವು.

ಕೊರಿಯನ್ ಲಿಪಿಯು ಇದಕ್ಕೆ ತೆತ್ತ ಬೆಲೆ ಅಲ್ಪವಲ್ಲ. 1996ರ ಎರಡನೆಯ ಆವೃತ್ತಿಯಲ್ಲಿ ಅದರ ಅಕ್ಷರಗುಚ್ಛಗಳನ್ನು ಹಳೆಯ ಸ್ಥಾನದಿಂದ ತೆಗೆದು, 11,172 ರೂಪಗಳಿಗೆ ಬೇರೆಡೆ ಸ್ಥಳ ಕಲ್ಪಿಸಿದರು. ತೆರವಾದ ಎಡೆಗೆ 1999ರಲ್ಲಿ ಚೀನೀ ಅಕ್ಷರಗಳು ಬಂದುವು. ಹಳೆಯ ಸಂಖ್ಯೆಗಳಲ್ಲಿ ಬರೆದಿಟ್ಟ ಕೊರಿಯನ್ ಕಡತವನ್ನು ಈಗ ತೆರೆದರೆ ಅರ್ಥವಿಲ್ಲದ ಚೀನೀ ಬರಹವು ಕಾಣುವುದು. ಕೊಟ್ಟ ಸಂಖ್ಯೆಯನ್ನು ಮುಂದೆಂದೂ ಕದಲಿಸಬಾರದೆಂಬ ನಿಯಮವು ಈ ಅನುಭವದ ಬಳಿಕ ದೃಢವಾಯಿತು. ಹೆಸರುಗಳಿಗೂ ಅದೇ ಕಟ್ಟು.

ಹೊಸತನ್ನು ಸೇರಿಸಲು ಅಡ್ಡಿಯಿಲ್ಲ. 2021ರಲ್ಲಿ ಹಳಗನ್ನಡದ ನಕಾರ ಪೊಲ್ಲು ೞಕಾರದ ಪಕ್ಕದಲ್ಲೇ ಬರಿದಾಗಿದ್ದ 3293ನೆಯ ಸ್ಥಾನವನ್ನು ಪಡೆಯಿತು. ಅದಕ್ಕೆ ಮುನ್ನ ಬರೆದಿದ್ದ ಶಾಸನಪಾಠಗಳಲ್ಲಿ ಒಂದಕ್ಷರವೂ ಅದರಿಂದ ಬದಲಾಗಲಿಲ್ಲ.