ಸಾವಿರ ಅಡಿಯ ಅಂತರ

1996ರ ನವೆಂಬರ್ 12ರ ಸಂಜೆ. ದೆಹಲಿಯಿಂದ ಮೇಲೇರುತ್ತಿದ್ದ ಸೌದಿಯ ಬೋಯಿಂಗ್ 747 ವಿಮಾನಕ್ಕೆ 14,000 ಅಡಿ, ಅಲ್ಲಿಗೆ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ ವಿಮಾನಕ್ಕೆ 15,000 ಅಡಿ ಎತ್ತರ ಗೊತ್ತುಪಡಿಸಲಾಗಿತ್ತು. ಎದುರಿಗೆ ವಿಮಾನವಿದೆಯೆಂದು ನಿಯಂತ್ರಕರು ಎಚ್ಚರಿಸಿಯೂ ಇದ್ದರು. ಆದರೂ ಕಜಕ್ ವಿಮಾನ 15,000 ಅಡಿಯಲ್ಲಿ ನಿಲ್ಲದೆ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಬಳಿ ಆಕಾಶದಲ್ಲೇ ಎರಡೂ ಡಿಕ್ಕಿ ಹೊಡೆದವು. ಒಳಗಿದ್ದ 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಕಜಕ್ ವಿಮಾನದಲ್ಲಿ ನಿಯಂತ್ರಕರೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದವರು ರೇಡಿಯೋ ಆಪರೇಟರ್. ವಿಮಾನ ಇಳಿಸುತ್ತಿದ್ದವರು ಪೈಲಟ್‌ಗಳು. ಅಂದಿನ ದೆಹಲಿಯ ರೇಡಾರ್ ಪರದೆಯಲ್ಲಿ ಎತ್ತರ ಕಾಣುತ್ತಿರಲಿಲ್ಲ. ವಿಮಾನದಿಂದ ಬಂದ ಮಾತನ್ನೇ ನಂಬಬೇಕಿತ್ತು. ದುರಂತದ ನಂತರ, ಡಿಕ್ಕಿಯ ಮುನ್ನೆಚ್ಚರಿಕೆ ನೀಡುವ ಉಪಕರಣವನ್ನು ಭಾರತ ಕಡ್ಡಾಯ ಮಾಡಿತು.

ಪೈಲಟ್ ಆಗಬಯಸುವ ವಿದ್ಯಾರ್ಥಿಗಳಿಗೆ ಇದೇ ಮೊದಲ ಪಾಠ: ಸೂಚನೆ ಕಿವಿಗೆ ಬಿದ್ದರೆ ಸಾಲದು, ಎತ್ತರಮಾಪಕದ ಮುಳ್ಳನ್ನೂ ಕಣ್ಣಾರೆ ನೋಡಬೇಕು.