ಹರಿಗೋಲಿನ ತಳ

ಮಾಗನೂರು, ಮಕ್ತಲ್ ಕಡೆಯಿಂದ ಕುರುವಪುರಕ್ಕೆ ಹೋಗುವವರು ಪಂಚದೇವಪಹಾಡದ ಬಳಿ ಕೃಷ್ಣೆಯನ್ನು ದಾಟುತ್ತಾರೆ. ಶ್ರೀಪಾದ ಶ್ರೀವಲ್ಲಭರ ಆ ಕ್ಷೇತ್ರ ರಾಯಚೂರು ತಾಲ್ಲೂಕಿಗೆ ಸೇರಿದ ನಡುಗಡ್ಡೆ. ಹೊಳೆ ತುಂಬಿದಾಗ ಅಲ್ಲಿನವರಿಗೆ ಬಹುಕಾಲದಿಂದ ದೋಣಿ, ಹರಿಗೋಲುಗಳೇ ದಾರಿ.

ಬೇರೆ ಕಡೆ ಕಾಲಿನಿಂದ ತುಳಿದು ನಡೆಸುವ ಕಯಾಕ್ ದೋಣಿಗಳು ಈಗ ಬಂದಿವೆ. ಸರಪಳಿ ಇಲ್ಲವೇ ಹಲ್ಲುಚಕ್ರಗಳಿಗೆ ಹೊಕ್ಕ ಮರಳನ್ನು ತೊಳೆಯುವುದು, ಗ್ರೀಸ್ ಹಚ್ಚುವುದು, ಸಡಿಲಾದದ್ದನ್ನು ಬಿಗಿಯುವುದು ಅವುಗಳ ಆರೈಕೆ. ಹರಿಗೋಲಿಗೆ ಯಂತ್ರವೇ ಇಲ್ಲ. ಅದನ್ನು ಮುಂದಕ್ಕೆ ಎಳೆಯುವುದು ಅಂಬಿಗರ ರಟ್ಟೆ ಮತ್ತು ಕೈಯಲ್ಲಿನ ಹುಟ್ಟು. ಹುಟ್ಟು ಮುರಿದರೆ ಇನ್ನೊಂದು ಸಿಕ್ಕೀತು; ನಡುಹೊಳೆಯಲ್ಲಿ ತಳ ಬಿರಿದರೆ ಬೇರೆ ತಳ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಆರೈಕೆಯೆಂದರೆ ಮೊದಲು ತಳದ ಆರೈಕೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿ ಕಡೆ ಹೊಳೆ ದಾಟಿಸುವ ಇಂಥ ದುಂಡು ದೋಣಿಗಳನ್ನು ಬಣ್ಣಿಸಿದ್ದಾನೆ. ಒಳಗೆ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನಷ್ಟೇ ಅಲ್ಲ, ಕುದುರೆ ಎತ್ತುಗಳನ್ನೂ ಅವು ದಾಟಿಸುತ್ತಿದ್ದವಂತೆ. ತೊಗಲು ಒದ್ದೆಯಾಗೇ ಉಳಿದರೆ ಕೊಳೆಯುತ್ತದೆ, ಅತಿಯಾಗಿ ಒಣಗಿದರೆ ಸೀಳುತ್ತದೆ. ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂದಿವೆ. ಹೆಣಿಗೆ ಮಾತ್ರ ಬಿದಿರಿನದೇ.

ಒಂದು ಲೆಕ್ಕ ಹಾಕಿ ನೋಡೋಣ. ತಳದ ಅಡ್ಡಳತೆ ಎರಡೂವರೆ ಮೀಟರ್ ಎಂದುಕೊಂಡರೆ ಅದರ ಹರವು ಸುಮಾರು 4.9 ಚದರ ಮೀಟರ್. ಹತ್ತು ಜನ, ಅಂದರೆ 600 ಕಿಲೋ ಭಾರ ಕೂತರೆ ಅದು ಇಳಿಯುವುದು ಹೆಚ್ಚೂಕಡಿಮೆ 12 ಸೆಂಟಿಮೀಟರ್. ಮೊಣಕಾಲುದ್ದ ನೀರಲ್ಲೂ ಅದು ತೇಲುವುದು ಇದರಿಂದಲೇ. ಆದರೆ ಅದೇ ತಳದಲ್ಲಿ ಎರಡು ಬೆರಳಗಲ, ಅಂದರೆ 4 ಸೆಂಟಿಮೀಟರ್ ನೀರು ಸೋರಿ ನಿಂತಿತೆನ್ನಿ. ಅದು ಸುಮಾರು 200 ಲೀಟರ್, 200 ಕಿಲೋ. ಮೂವರು ಹೆಚ್ಚಿಗೆ ಹತ್ತಿದಂತಾಯಿತು. ಈ ಮೂವರು ಕೂತಲ್ಲಿ ಕೂರುವವರೂ ಅಲ್ಲ: ಹರಿಗೋಲು ಯಾವ ಕಡೆ ವಾಲಿತೋ ಆ ಕಡೆಗೇ ನೀರು ಓಡಿ ಇನ್ನಷ್ಟು ವಾಲಿಸುತ್ತದೆ. ನೀರು ಗೋರುವ ಡಬ್ಬಿ ಇಲ್ಲದ ಹರಿಗೋಲನ್ನು ಹತ್ತಲೇಬಾರದು ಎಂದು ನಾನು ಹೇಳುವುದು ಇದಕ್ಕೇ.

ಸೋರಿಕೆ ಹುಟ್ಟುವುದು ಹೆಚ್ಚಾಗಿ ದಡದಲ್ಲಿ. ಕೃಷ್ಣೆಯ ಪಾತ್ರದ ತುಂಬ ಕಲ್ಲುಬಂಡೆ. ಹರಿಗೋಲನ್ನು ಕಲ್ಲುಮರಳಿನ ಮೇಲೆ ದರದರ ಎಳೆದರೆ ಡಾಂಬರು ಕಿತ್ತುಹೋಗಿ ಚೀಲ ಹೊರಗೆ ಕಾಣುತ್ತದೆ. ಎತ್ತಿಕೊಂಡೇ ಹೋಗಬೇಕು. ಆಮೇಲೆ ಬೋರಲು ಹಾಕಿ, ಅಂಚಿನ ಕೆಳಗೆ ನಾಲ್ಕು ಕಲ್ಲು ಕೊಟ್ಟು, ಗಾಳಿಯಾಡುವ ನೆರಳಲ್ಲಿ ಆರಲು ಬಿಡಬೇಕು. ನೆಲಕ್ಕೆ ತಾಗಿಸಿಟ್ಟರೆ ಬಿದಿರಿಗೆ ಗೆದ್ದಲು ಹತ್ತುತ್ತದೆ. ರಾಯಚೂರು ಸೀಮೆಯ ಬೇಸಗೆ ಬಿಸಿಲಿಗೆ ಡಾಂಬರು ಮೆತ್ತಗಾಗಿ ಜಾರುತ್ತದೆ, ಮೇಲಿನ ಮಗ್ಗುಲು ತೆಳುವಾಗುತ್ತದೆ.

ಡಾಂಬರಿನ ಮೇಲೆ ಅತಿಯಾದ ನಂಬಿಕೆಯೂ ಸಲ್ಲದು. ಅದು ಬಿರುಕು ಮುಚ್ಚುತ್ತದೆ, ಮುರಿದ ದಬ್ಬೆಯನ್ನು ಕೂಡಿಸುವುದಿಲ್ಲ. ಹೊರಗೆ ಕರ್ರಗೆ ಹೊಳೆಯುವ ಹರಿಗೋಲಿನ ಒಳಗೆ ಹಿಟ್ಟು ಉದುರುತ್ತಿದ್ದರೆ ಬಿದಿರನ್ನು ಹುಳು ಕೊರೆಯುತ್ತಿದೆ ಎಂದರ್ಥ. ಬಿದಿರಿನಲ್ಲಿರುವ ಪಿಷ್ಟವೇ ಆ ಹುಳುವಿನ ಆಹಾರ. ಕಡಿದ ಬಿದಿರನ್ನು ಕೆಲವು ವಾರ ನೀರಲ್ಲಿ ನೆನೆಹಾಕಿದರೆ ಪಿಷ್ಟದ ಬಹುಪಾಲು ತೊಳೆದುಹೋಗಿ ಹುಳುವಿನ ಕಾಟ ತಗ್ಗುತ್ತದೆ. ಪರೀಕ್ಷೆ ಮಾಡಬೇಕೆಂದರೆ ಹರಿಗೋಲಿನ ಒಳಗೆ ಕೂತು ಅಂಗೈಯಿಂದ ದಬ್ಬೆದಬ್ಬೆಯನ್ನೂ ಒತ್ತುತ್ತ ಬನ್ನಿ. ಗಟ್ಟಿ ದಬ್ಬೆ ಪುಟಿಯುತ್ತದೆ. ಸತ್ತದ್ದು ಒತ್ತಿದಲ್ಲೇ ತಗ್ಗಿ ನಿಲ್ಲುತ್ತದೆ, ಇಲ್ಲವೇ ಚರಕ್ಕೆನ್ನುತ್ತದೆ. ಅಂಥ ದಬ್ಬೆಗಳು ಅಕ್ಕಪಕ್ಕ ಎರಡು ಮೂರು ಸಿಕ್ಕರೆ ಡಾಂಬರಿನ ಡಬ್ಬ ಬದಿಗಿಟ್ಟು ಹೆಣೆಯುವವರನ್ನು ಕರೆಯಬೇಕು.

2020ರ ಆಗಸ್ಟ್‌ನಲ್ಲಿ ಪಂಚದೇವಪಹಾಡದ ಈ ದಾಟಿನಲ್ಲೇ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಹೊಳೆಯ ಸೆಳೆತದ ಮುಂದೆ ಎಂಥ ಗಟ್ಟಿ ತಳಕ್ಕೂ ಭರವಸೆಯಿಲ್ಲ. ಮೇಲೆ ನಾರಾಯಣಪುರ ಅಣೆಕಟ್ಟೆಯ ಗೇಟು ತೆರೆದರೆಂದರೆ ದಾಟು ನಿಲ್ಲಬೇಕು, ಉಳಿದ ದಿನಗಳಲ್ಲೂ ಕೂತವರೆಲ್ಲರ ಮೈಮೇಲೆ ಲೈಫ್ ಜಾಕೆಟ್ ಇರಬೇಕು. ಇನ್ನು ತಳದ ಆರೈಕೆ: ಮಳೆ ಹಿಡಿದ ಮೇಲೆ ಹರಿಗೋಲಿನ ಒದ್ದೆ ಮೈಗೆ ಡಾಂಬರು ಕಚ್ಚುವುದಿಲ್ಲ. ಡಾಂಬರು ಹಚ್ಚುವ ಕೆಲಸ ಮೇ ತಿಂಗಳು ಕಳೆಯುವುದರೊಳಗೆ, ಅದು ಪೂರಾ ಒಣಗಿರುವಾಗಲೇ ಆಗಬೇಕು.